ಬಳಸಿದ ಕ್ಯಾಮೆರಾಕ್ಕೆ ವಿಮೆ

ಹೊಸ ಕ್ಯಾಮೆರಾದ ಬೆಲೆ ಕೈಗೆಟುಕದೆ, ಒಬ್ಬರು ಬಳಸಿದ್ದನ್ನು ಕೊಂಡು, ಮದುವೆ ಮುಂಜಿಗಳ ಚಿತ್ರ ತೆಗೆದು ಸಂಸಾರ ತೂಗಿಸುವ ತರುಣರು ನಮ್ಮ ಪಟ್ಟಣಗಳಲ್ಲಿ ಹಲವರುಂಟು. ಅಂಥವರ ಕ್ಯಾಮೆರಾ ಕಳವಾದರೆ ಅದರೊಡನೆ ಮನೆಯ ಅನ್ನವೂ ಹೋದಂತೆ. ‘ಹಳೆಯ ವಸ್ತುವಿಗೆ ವಿಮೆ ಎಲ್ಲಿಯದು?’ ಎಂದು ಸುಮ್ಮನಿರುವವರೇ ಬಹಳ. ಬಳಸಿದ ವಸ್ತುವಿಗೂ ವಿಮೆ ಉಂಟು. ಅದು ಎಷ್ಟು ಹಳೆಯದಾಗಿರಬಹುದೆಂಬ ನಿಯಮ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಮುಖ್ಯವಾಗಿ ಎಚ್ಚರ ಬೇಕಾದದ್ದು ಬೆಲೆ ಕಟ್ಟುವುದರಲ್ಲಿ.

ಆದ ನಷ್ಟವನ್ನು ತುಂಬಿಕೊಡುವುದೇ ವಿಮೆಯ ಧರ್ಮ. ಲಾಭ ಮಾಡಿಕೊಡುವುದು ಅದರ ಕೆಲಸವಲ್ಲ. ಆದುದರಿಂದ ನಾವು ಕೊಟ್ಟ ಬೆಲೆಯನ್ನು ಕಣ್ಣುಮುಚ್ಚಿ ಬರೆಯಿಸಬಾರದು. ಪಾಲಿಸಿಯು ಮಾರುಕಟ್ಟೆ ಬೆಲೆಯ ಆಧಾರದ್ದಾದರೆ, ಅದೇ ಮಾದರಿಯ, ಅಷ್ಟೇ ಸವೆದ ಕ್ಯಾಮೆರಾ ಇಂದು ಎಷ್ಟಕ್ಕೆ ಸಿಕ್ಕೀತೋ ಅದೇ ಬೆಲೆ. ಹೊಸದನ್ನು ಕೊಡಿಸುವ ಪಾಲಿಸಿಯಾದರೆ ಹೊಸದರ ಬೆಲೆಗೇ ವಿಮೆ ಮಾಡಿಸಬೇಕು. ಯಾವ ಬಗೆಯದೆಂದು ಸಹಿ ಹಾಕುವ ಮುನ್ನವೇ ಕೇಳಿಕೊಳ್ಳಿ.

ಕಂತು ಉಳಿಸಲೆಂದು ಬೆಲೆಯನ್ನು ತಗ್ಗಿಸಿದರೆ ಏನಾಗುವುದು? ಮಾರುಕಟ್ಟೆಯಲ್ಲಿ 40,000 ರೂಪಾಯಿ ಬಾಳುವ ಕ್ಯಾಮೆರಾಕ್ಕೆ 20,000ಕ್ಕೆ ವಿಮೆ ಮಾಡಿಸಿದ್ದೀರಿ ಎನ್ನಿ. ಅದು ಬಿದ್ದು ದುರಸ್ತಿಗೆ 10,000 ತಗುಲಿತು. ‘ಆವರೇಜ್’ ಷರತ್ತುಳ್ಳ ಪಾಲಿಸಿಯಲ್ಲಿ ಅರ್ಧ, ಅಂದರೆ 5,000 ಮಾತ್ರ ಸಿಕ್ಕುತ್ತದೆ. ಉಳಿದರ್ಧಕ್ಕೆ ನೀವೇ ಹೊಣೆ. ಹಾಗೆಂದು 80,000ಕ್ಕೆ ಬರೆಯಿಸಿದರೂ, ಮಾರುಕಟ್ಟೆ ಬೆಲೆಯ ಪಾಲಿಸಿಯಲ್ಲಿ 40,000ಕ್ಕಿಂತ ಹೆಚ್ಚು ದೊರೆಯದು.

ಮನೆಯ ಸಾಮಾನಿನ ವಿಮೆ ಸಾಮಾನ್ಯವಾಗಿ ಮನೆಯೊಳಗಿನ ಬೆಂಕಿ, ಕನ್ನಗಳವುಗಳಿಗೆ ಸಂಬಂಧಿಸಿದ್ದು. ಕ್ಯಾಮೆರಾ ಹೊರಗೆ ತಿರುಗುವ ವಸ್ತು. ಅದಕ್ಕೆ ‘ಆಲ್ ರಿಸ್ಕ್ಸ್’ ಎಂಬ ಪಾಲಿಸಿ ಬೇಕು. ಇಲ್ಲಿ ‘ಆಲ್’ ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿ ಹಿಡಿಯತಕ್ಕದ್ದಲ್ಲ. ಸವೆತ, ಯಂತ್ರದ ಒಳದೋಷ, ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಹಿಡಿಯುವ ಬೂಷ್ಟು, ಇವು ಸಾಮಾನ್ಯವಾಗಿ ಹೊರಗುಳಿಯುತ್ತವೆ. ಕಾವಲಿಲ್ಲದ ವಾಹನದಿಂದಾದ ಕಳವಿನ ಷರತ್ತನ್ನೂ ಓದಿ ನೋಡಬೇಕು. ಹಣಕ್ಕಾಗಿ ಚಿತ್ರ ತೆಗೆಯುವವರು ಅದನ್ನು ಅರ್ಜಿಯಲ್ಲಿಯೇ ತಿಳಿಸಬೇಕು. ಮುಚ್ಚಿಟ್ಟ ಸಂಗತಿಯೇ ಮುಂದೆ ಪರಿಹಾರಕ್ಕೆ ಅಡ್ಡಿಯಾದೀತು.

ಹಳೆಯ ವಸ್ತುವಿಗೆ ಅಂಗಡಿಯ ಬಿಲ್ಲು ಇರುವುದು ಅಪರೂಪ. ಮಾರಿದವರಿಂದ ದಿನಾಂಕ, ಬೆಲೆ, ಕ್ಯಾಮೆರಾ ಮತ್ತು ಪ್ರತಿಯೊಂದು ಲೆನ್ಸಿನ ಕ್ರಮಸಂಖ್ಯೆ ಬರೆದ ರಸೀತಿಯನ್ನು ಪಡೆದು, ಅದರ ಪ್ರತಿಯನ್ನು ಬೇರೆ ಕಡೆ ಇರಿಸಿ. ಕಳವಾದೊಡನೆ ಪೊಲೀಸರಿಗೂ ಕಂಪನಿಗೂ ತಿಳಿಸಿ.

ಕಂಪನಿ ಪರಿಹಾರವನ್ನು ನಿರಾಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, 2017ರ ನಿಯಮಗಳಂತೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ನರ ಮೊರೆ ಹೋಗಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯುಂಟು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. 1938ರ ವಿಮಾ ಕಾಯಿದೆಯೂ ಹೇಳುವುದು ಅದನ್ನೇ: ಕಂತಿನ ಹಣ ಸಲ್ಲುವವರೆಗೆ ಹೊಣೆಯಿಲ್ಲ. ಮುಂದಿನ ಮದುವೆಗೆ ಕ್ಯಾಮೆರಾ ಹೊರಡುವ ಮುನ್ನವೇ ಈ ಕೆಲಸ ಮುಗಿದಿರಲಿ.