ಮಾತು ಮೊದಲಕ್ಷರದಲ್ಲೇ ನಿಂತಾಗ

ಉಗ್ಗು ನಾಲಿಗೆಯ ದೋಷವಲ್ಲ. ಉಗ್ಗುವವರ ನಾಲಿಗೆ, ತುಟಿ, ಗಂಟಲು ಸಾಮಾನ್ಯವಾಗಿ ಎಲ್ಲರದರಂತೆಯೇ ಇರುತ್ತವೆ. ಹೇಳಬೇಕಾದ ಪದವೂ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಆದರೂ ಮೊದಲಕ್ಷರ ಮತ್ತೆ ಮತ್ತೆ ಬರುತ್ತದೆ, ಎಳೆದುಕೊಳ್ಳುತ್ತದೆ, ಇಲ್ಲವೇ ದನಿಯೇ ಹೊರಡದೆ ಕಟ್ಟಿಕೊಳ್ಳುತ್ತದೆ. ತೊದಲು, ಉಗ್ಗು ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ತೊದಲು ಎಳೆಗೂಸಿನ ಮುದ್ದು ಮಾತಿಗೂ ಸಲ್ಲುತ್ತದೆ. ಉಗ್ಗಿಗೆ ಆ ಮುದ್ದಿಲ್ಲ.

ಬಹುತೇಕ ಇದು ಶುರುವಾಗುವುದು 2ರಿಂದ 5 ವರ್ಷದೊಳಗೆ, ಮಗು ಪದಕ್ಕೆ ಪದ ಜೋಡಿಸಿ ವಾಕ್ಯ ಕಟ್ಟಲು ಕಲಿಯುವ ಹೊತ್ತಿಗೆ. ನೂರರಲ್ಲಿ ಸುಮಾರು 5 ಮಕ್ಕಳು ಒಂದಷ್ಟು ಕಾಲ ಉಗ್ಗುತ್ತಾರೆ. ಅವರಲ್ಲಿ ಮುಕ್ಕಾಲು ಪಾಲಿನವರಿಗೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ. ಮಾತು ತಿರುಗಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚಿದ ಮನೆಗಳಲ್ಲಿ ಹೀಗೆ ತಾನಾಗಿ ಬಿಟ್ಟದ್ದೂ ಬಜೆಯ ಲೆಕ್ಕಕ್ಕೆ ಜಮೆಯಾಗುತ್ತದೆ, ಅಷ್ಟೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಲ್ಲಿ. ಅಂಥವರಲ್ಲಿ ಒಬ್ಬ ಹೆಣ್ಣಿಗೆ ಸುಮಾರು ನಾಲ್ವರು ಗಂಡಸರು.

ಬೇರು ಮಿದುಳಿನಲ್ಲಿದೆ. ಒಂದು ಪದ ನುಡಿಯಲು ಉಸಿರು, ಗಂಟಲು, ನಾಲಿಗೆ, ತುಟಿಗಳ ಹತ್ತಾರು ಸ್ನಾಯುಗಳು ಸೆಕೆಂಡಿನ ಸಣ್ಣ ಚೂರಿನೊಳಗೆ ಒಂದಾದ ಮೇಲೊಂದು ಚಲಿಸಬೇಕು. ಈ ಸರತಿಗೆ 'ಈಗ ಶುರು' ಎಂಬ ಸೂಚನೆ ಕೊಡುವಲ್ಲಿ ಮಿದುಳಿನಾಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳ ಪಾತ್ರ ದೊಡ್ಡದು. 2002ರಲ್ಲಿ ಜರ್ಮನಿಯ ಸಂಶೋಧಕರು, ಉಗ್ಗುವವರ ಎಡ ಮಿದುಳಿನಲ್ಲಿ ಮಾತಿನ ಕೇಂದ್ರಗಳನ್ನು ಬೆಸೆಯುವ ನರತಂತುಗಳ ಹೆಣಿಗೆ ಸಡಿಲವಾಗಿರುವುದನ್ನು ತೋರಿಸಿದರು. ಮಾತಾಡುವಾಗ ಅವರ ಬಲ ಮಿದುಳು ಮಾಮೂಲಿಗಿಂತ ಹೆಚ್ಚು ದುಡಿಯುತ್ತದೆ. ಉಗ್ಗುವವರು ಹಾಡುವಾಗ, ಹತ್ತು ಜನರೊಡನೆ ಒಕ್ಕೊರಲಿನಿಂದ ಪ್ರಾರ್ಥನೆ ಹೇಳುವಾಗ ಸಾಮಾನ್ಯವಾಗಿ ಎಲ್ಲೂ ತಡೆಯುವುದಿಲ್ಲ. ತಾಳವೋ ಪಕ್ಕದವರ ದನಿಯೋ ಹೊರಗಿನಿಂದ ಆ 'ಶುರು' ಸೂಚನೆಯನ್ನು ಒದಗಿಸುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ವಂಶದ ಪಾಲೂ ಇದೆ. ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಹೊರಟು 2010ರಲ್ಲಿ ಗುರುತಿಸಲಾದ ಜೀನ್‌ಗಳು ಜೀವಕೋಶದ ಕಸ ವಿಲೇವಾರಿಗೆ ಸಂಬಂಧಿಸಿದವು. ಮಾತಿಗೂ ಅದಕ್ಕೂ ನಂಟಿರಬಹುದೆಂದು ಯಾರೂ ಎಣಿಸಿರಲಿಲ್ಲ.

ಮನಸ್ಸನ್ನೇ ಮೂಲವೆಂದು ನಂಬಿದ ಕಾಲವೊಂದಿತ್ತು. ಸ್ವತಃ ಉಗ್ಗುತ್ತಿದ್ದ ಅಮೆರಿಕದ ವಾಕ್ ತಜ್ಞ ವೆಂಡೆಲ್ ಜಾನ್ಸನ್, ಮಗುವಿನ ಸಹಜ ತಡವರಿಕೆಗೆ ಹೆತ್ತವರು 'ಉಗ್ಗು' ಎಂದು ಹೆಸರಿಟ್ಟಾಗಲೇ ಅದು ಹುಟ್ಟುತ್ತದೆ ಎಂದು ವಾದಿಸಿದರು. ಅವರ ಮಾರ್ಗದರ್ಶನದಲ್ಲಿ 1939ರಲ್ಲಿ ಅಯೋವಾದ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಚೆನ್ನಾಗಿಯೇ ಮಾತಾಡುತ್ತಿದ್ದ ಕೆಲವರಿಗೂ 'ನೀನು ಉಗ್ಗುತ್ತೀಯ' ಎನ್ನಲಾಯಿತು. ಅವರು ಉಗ್ಗುವವರಾಗಲಿಲ್ಲ, ಬಾಯಿ ತೆರೆಯಲು ಅಂಜುವವರಾದರು. ಕ್ರೂರವಾದ ಈ ಪ್ರಯೋಗ ಜಾನ್ಸನ್ ಹೇಳಿದ್ದಕ್ಕಿಂತ ಬೇರೆಯದನ್ನೇ ತೋರಿಸಿತು: ಭಯ ಉಗ್ಗನ್ನು ಹುಟ್ಟಿಸುವುದಿಲ್ಲ, ಆದರೆ ಮಾತನ್ನು ಮುಚ್ಚಿಸುತ್ತದೆ.

ಈ ಮುಚ್ಚುವಿಕೆಗೆ ಹಲವು ವೇಷ. ಶಿವಮೊಗ್ಗದ ಸಿಟಿ ಬಸ್ಸಿನಲ್ಲಿ 'ನವುಲೆ' ಎನ್ನಲು 'ನ'ಕಾರ ಕಟ್ಟಿಕೊಳ್ಳುತ್ತದೆಂದು ಮೊದಲೇ ಬಲ್ಲವರು ಕಂಡಕ್ಟರಿಗೆ ಅಲ್ಲೇ ಇರುವ ಕಾಲೇಜನ್ನು ಹೆಸರಿಸಿ 'ಎಂಜಿನಿಯರಿಂಗ್ ಕಾಲೇಜು' ಎಂದುಬಿಡಬಹುದು. ಪದ ಉದ್ದವಾದರೂ ಹಾದಿ ಸಲೀಸು. ಆದರೆ ಸ್ವಂತ ಹೆಸರಿಗೆ ಬದಲಿ ಪದವಿಲ್ಲ. ಹಾಜರಿಯಲ್ಲೂ ಸಂದರ್ಶನದಲ್ಲೂ ಫೋನಿನಲ್ಲೂ ಉಗ್ಗು ಹೆಚ್ಚಾಗಿ ಕಾಡುವುದು ಅಲ್ಲೇ. ಕೊಟ್ಟಿಗೆಯ ದನದೊಡನೆ ಸರಾಗವಾಗಿ ಮಾತಾಡುವವರೇ ಮೇಷ್ಟರೆದುರು ತಡವರಿಸುತ್ತಾರೆ. ಇದನ್ನು ಕಂಡು 'ಧೈರ್ಯ ಸಾಲದು' ಎನ್ನುವುದು ಪರಿಣಾಮವನ್ನೇ ಕಾರಣವೆಂದು ಎಣಿಸಿದಂತೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡ ನಾಡಿನಲ್ಲಿ ಈ ಚಿಕಿತ್ಸೆಯ ಮುಖ್ಯ ನೆಲೆ. ಎಳೆಯ ಮಕ್ಕಳಾದರೆ ಚಿಕಿತ್ಸೆ ಮನೆಯವರಿಂದ ಆರಂಭ: ತಾವು ನಿಧಾನವಾಗಿ ಮಾತಾಡುವುದು, ಮಗುವಿನ ವಾಕ್ಯವನ್ನು ತಾವೇ ಮುಗಿಸದಿರುವುದು. ದೊಡ್ಡವರು ಅಕ್ಷರಗಳನ್ನು ಎಳೆದು ಮೆಲ್ಲನೆ ನುಡಿಯಲು ಕಲಿಯುತ್ತಾರೆ. ಚಿಕಿತ್ಸೆಯ ಕೋಣೆಯಲ್ಲಿ ಸಾಧಿಸಿದ ಸರಾಗತೆ ಬೀದಿಯಲ್ಲಿ ಕೈಕೊಡುವುದೇ ಹೆಚ್ಚು. ಆದ್ದರಿಂದ ಅಭ್ಯಾಸವನ್ನು ಅಂಗಡಿಗೆ, ಫೋನಿಗೆ, ಬಸ್ಸಿಗೆ ಒಯ್ಯಬೇಕಾಗುತ್ತದೆ. ಕಾಲೇಜಿನ ಹೆಸರು ಬಿಟ್ಟು, ಉಗ್ಗಿದರೂ ಸರಿಯೆಂದು, 'ನವುಲೆ' ಎಂದೇ ಟಿಕೆಟ್ ಕೇಳುವುದು ಅಂಥ ಒಂದು ಪಾಠ.