ತೆಂಕಣದಿಂದ ಬಡಗಣಕ್ಕೇ ಏಕೆ?

ಪ್ರಶ್ನೆ: ಸ್ಕಾಟ್ಲೆಂಡಿನ ‘ವೆಸ್ಟ್ ಹೈಲ್ಯಾಂಡ್ ವೇ’ಯನ್ನು ಹೆಚ್ಚಿನವರು ದಕ್ಷಿಣದಿಂದ ಉತ್ತರಕ್ಕೇ ನಡೆಯುತ್ತಾರಂತೆ. ಏಕೆ?

ಉತ್ತರ: ಕಾಲು ಪಳಗಲಿ ಎಂದು. 1980ರಲ್ಲಿ ತೆರೆದ ಈ 154 ಕಿ.ಮೀ. ಹಾದಿ ಗ್ಲಾಸ್ಗೋ ಪಕ್ಕದ ಮಲ್‌ಗೈನಲ್ಲಿ ಶುರು. (ಕಾಗುಣಿತ ನೋಡಿ ‘ಮಿಲ್ನ್‌ಗಾವಿ’ ಎಂದೀರಿ, ಜೋಕೆ!) ಮೊದಲ ದಿನ ತಗ್ಗುದಿಣ್ಣೆಯ ಹೊಲಗದ್ದೆ. ಆಮೇಲೆ ಲೋಮಂಡ್ ಸರೋವರದ ಪೂರ್ವದಂಡೆ. ಅದರ ಉತ್ತರ ತುದಿಯಲ್ಲಿ ಬೇರು, ಬಂಡೆಗಳ ನಡುವೆ ಕೈಯೂರಿ ಇಳಿಯಬೇಕು, ಗಂಟೆಗೆ ಎರಡು ಕಿ.ಮೀ. ಸಾಗಿದರೆ ಪುಣ್ಯ. ಇಲ್ಲಿ ಗುಂಪಿನ ನಿಧಾನಸ್ಥರನ್ನೇ ಮುಂದೆ ಬಿಡುವುದು ಜಾಣತನ. ಮರದ ನೆರಳೇ ಇಲ್ಲದ ರಾನಕ್ ಮೂರ್ ಬಯಲು, 550 ಮೀಟರ್ ಎತ್ತರದ ‘ದೆವ್ವದ ಮೆಟ್ಟಿಲು’ ಬರುವುದು ಅದಾದ ಮೇಲೆಯೇ. ಅಷ್ಟರಲ್ಲಿ ಬೆನ್ನಚೀಲ ಮೈಗೆ ಒಗ್ಗಿರುತ್ತದೆ.

ಗಾಳಿಯೂ ಒಂದು ಕಾರಣ. ಅಲ್ಲಿ ಅದು ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಮಳೆ ಮುಖಕ್ಕೆ ರಾಚುವ ಬದಲು ಬೆನ್ನಿಗೆ ಬಡಿಯುತ್ತದೆ. ನಡಿಗೆ ಮುಗಿಯುವ ಫೋರ್ಟ್ ವಿಲಿಯಂ ಎದುರಿಗೇ 1,345 ಮೀಟರ್‌ನ ಬೆನ್ ನೆವಿಸ್. ಆರೇಳು ದಿನ ನಡೆದವರಿಗೆ ಅದನ್ನೂ ಹತ್ತುವ ಚಪಲ ಹುಟ್ಟುವುದುಂಟು.

ಯಾವ ದಿಕ್ಕಿಗೆ ನಡೆದರೂ ಬಿಡದ್ದು ಬೇಸಿಗೆಯ ನೊರಜು. ಕಚ್ಚುವುದು ಹೆಣ್ಣು ಮಾತ್ರ. ಗಾಳಿ ಬೀಸಿದರೆ ಹಾರಲಾರದು. ಅದಕ್ಕೇ ಊಟಕ್ಕೆ ಗಾಳಿಯಾಡುವ ದಿಬ್ಬದ ಮೇಲೆಯೇ ಕೂರಿ.