ಕೊರವ ಮೀನು

ನಮ್ಮ ನಾಡಿನ ಕೆರೆ, ಹೊಂಡ, ಗದ್ದೆಗಳಲ್ಲಿ ವಾಸಿಸುವ ಕೊರವ ಮೀನನ್ನು ಸಂತೆಯಲ್ಲಾದರೂ ಕಾಣದವರು ವಿರಳ. ಇದರ ತಲೆಯು ಚಪ್ಪಟೆಯಾಗಿ, ದೊಡ್ಡ ಹುರುಪೆಗಳಿಂದ ಕೂಡಿ, ಸರ್ಪದ ತಲೆಯನ್ನು ಹೋಲುವುದು. ಆದುದರಿಂದಲೇ ಜರ್ಮನಿಯ ಬ್ಲಾಖ್ ಎಂಬ ಪಂಡಿತನು 1793ರಲ್ಲಿ ಇದನ್ನು ವರ್ಣಿಸುವಾಗ 'ಹಾವಿನ ತಲೆಯುಳ್ಳದ್ದು' ಎಂಬರ್ಥದ ಗ್ರೀಕ್ ಹೆಸರನ್ನಿಟ್ಟನು. ತರಂಗಂಬಾಡಿಯಲ್ಲಿ ಮಿಷನರಿಗಳಾಗಿದ್ದ ಕ್ರಿಸ್ಟೋಫ್ ಸಾಮುವೇಲ್ ಜಾನ್ ಪಾದ್ರಿಗಳು ಈ ಪಂಡಿತನಿಗೆ ನಮ್ಮ ದೇಶದ ಅನೇಕ ಮೀನುಗಳನ್ನು ಕಳುಹಿಸಿಕೊಟ್ಟಿದ್ದರೆಂಬುದು ಸ್ಮರಣಾರ್ಹವಾದುದು. ಈಗ ಶಾಸ್ತ್ರಜ್ಞರು ಇದನ್ನು ಚನ್ನ ಸ್ಟ್ರಯಾಟ ಎಂದು ಕರೆಯುವರು.

ಕೊರವವು ಮಾಂಸಾಹಾರಿ. ಇದು ಬೇಟೆಯನ್ನು ಬಹುದೂರ ಅಟ್ಟಿಕೊಂಡು ಹೋಗುವುದಿಲ್ಲ. ದಡದ ಕೊಕ್ಕರೆಯಂತೆ ತಾನೂ ಜೊಂಡಿನ ಮರೆಯಲ್ಲಿ ಬಕಧ್ಯಾನ ಮಾಡುತ್ತಿದ್ದು, ಸಣ್ಣ ಮೀನೋ ಕಪ್ಪೆಯೋ ಸಮೀಪಿಸಿದೊಡನೆ ಮೇಲೆರಗಿ ನುಂಗಿಬಿಡುವುದು.

ಇದರ ಉಸಿರಾಟವು ವಿಚಿತ್ರವಾದುದು. ನೀರಿನ ಪ್ರಾಣವಾಯುವನ್ನು ಹೀರುವ ಕಿವಿರುಗಳು ಇದಕ್ಕೆ ಇದ್ದರೂ ಅವು ಸಾಲವು. ಕಿವಿರುಗಳ ಮೇಲ್ಗಡೆ ರಕ್ತನಾಳಗಳಿಂದ ತುಂಬಿದ ಒಂದು ಕೋಣೆಯಿರುವುದು. ಮೀನು ಆಗಾಗ್ಗೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಆ ಕೋಣೆಯಲ್ಲಿ ತುಂಬಿಕೊಳ್ಳುವುದು. ಮೇಲೆ ಬರಗೊಡದಂತೆ ತಡೆದರೆ ನೀರಿನಲ್ಲಿದ್ದೇ ಉಸಿರುಕಟ್ಟಿ ಸಾಯುವುದು! ಮೈ ತೇವವಾಗಿದ್ದರೆ ನೀರಿನ ಹೊರಗೂ ಬಹಳ ಹೊತ್ತು ಬದುಕುವುದು. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಯನ್ನು ಎದುರುನೋಡುವುದು. ಸಂತೆಯಲ್ಲಿ ಇದನ್ನು ತುಸು ನೀರಿನಲ್ಲಿಟ್ಟು ಜೀವಂತವಾಗಿ ಮಾರುವುದೂ ಇದರಿಂದಲೇ ಸಾಧ್ಯವಾಗಿದೆ.

ಇಷ್ಟು ಕ್ರೂರವಾದ ಈ ಪ್ರಾಣಿಯು ಸಂತಾನದ ವಿಷಯದಲ್ಲಿ ಅತಿ ಮಮತೆಯುಳ್ಳದ್ದು. ಮಳೆಗಾಲದಲ್ಲಿ ಗಂಡುಹೆಣ್ಣುಗಳು ಜೊಂಡಿನ ನಡುವೆ ಒಂದಿಷ್ಟು ಸ್ಥಳವನ್ನು ತೆರವು ಮಾಡುವುವು. ಅಲ್ಲಿ ಇಟ್ಟ ಮೊಟ್ಟೆಗಳು ನೀರಿನ ಮೇಲೆ ತೇಲುವುವು. ಒಂದೆರಡು ದಿನಗಳಲ್ಲಿ ಮರಿಗಳು ಹೊರಬೀಳುವುವು. ಕೆಂಬಣ್ಣದ ಆ ಮರಿಗಳು ಒತ್ತಾಗಿ ಗುಂಪುಗೂಡಿ ಸಂಚರಿಸುವಾಗ, ಅವುಗಳ ಕೆಳಗೆ ತಂದೆತಾಯಿಗಳು, ವಿಶೇಷವಾಗಿ ತಂದೆಯು, ಕಾವಲಿದ್ದು, ಹತ್ತಿರ ಬಂದ ಶತ್ರುವಿನ ಮೇಲೆ ಬೀಳುವುವು.

ಈ ವಾತ್ಸಲ್ಯವೇ ಇದಕ್ಕೆ ಮೃತ್ಯುವಾಗಿ ಪರಿಣಮಿಸುವುದುಂಟು. ಕೆಂಪು ಗುಂಪನ್ನು ಕಂಡವರು ಅದರ ನಡುವೆ ಗಾಳ ಹಾಕಿದರೆ, ಮರಿಗಳನ್ನು ರಕ್ಷಿಸಲು ಬಂದ ಮೀನು ತಾನೇ ಸಿಕ್ಕಿಬೀಳುವುದು. ಕಾವಲಿಲ್ಲದ ಮರಿಗಳು ಇತರ ಮೀನುಗಳ ಪಾಲಾಗುವುವು. ಒಂದು ಹೊತ್ತಿನ ಸಾರಿಗಾಗಿ ನೂರಾರು ಮರಿಗಳು ನಾಶವಾಗುವುವು. ಗೂಡಿನಲ್ಲಿ ಮರಿಗಳೊಡನಿರುವ ತಾಯಿಹಕ್ಕಿಯನ್ನು ಹಿಡಿಯಕೂಡದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ವಿಧಿಸಿದೆ. ನೀರಿನಲ್ಲಿರುವ ಈ ಸಂಸಾರಕ್ಕೂ ಅದೇ ಕರುಣೆಯು ಸಲ್ಲತಕ್ಕದ್ದು. ಕೆರೆಯ ದಡಕ್ಕೆ ಗಾಳ ಹಿಡಿದು ಹೊರಡುವ ಮಕ್ಕಳಿಗೆ ತಾಯಂದಿರು ಈ ಒಂದು ಮಾತನ್ನು ಹೇಳಿ ಕಳುಹಿಸಿದರೆ, ಮುಂದಿನ ವರ್ಷವೂ ಆ ಕೆರೆಯಲ್ಲಿ ಕೊರವವು ಇರುವುದು.